ಟೊಳ್ಳು ಕಂಬಗಳ ಬೀದಿ

ಮಗಳನ್ನು ಕಾಲೇಜಿಗೆ ಬಿಟ್ಟು ನಿನ್ನೆ ರಾತ್ರಿ ಮನೆಗೆ ಬಂದೆ. ಕಣ್ಣೀರಿನ ಬರಹ ನಿರೀಕ್ಷಿಸಿದ್ದವರು ಕ್ಷಮಿಸಬೇಕು. ಸಿಟ್ಟು ಬಂದಿದೆ, ಅದೂ ಕಂಬಗಳ ಮೇಲೆ.

ಅಮೆರಿಕದ ದಕ್ಷಿಣದ ಒಂದು ವಿಶ್ವವಿದ್ಯಾಲಯ. ಹೆಸರು ಬೇಡ, ಅವಳು ಇನ್ನೂ ಅಲ್ಲೇ ಓದಬೇಕು. ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘಗಳು, ಅಂದರೆ ಸೊರೊರಿಟಿಗಳು, ಸಾಲಾಗಿ ಮನೆ ಮಾಡಿಕೊಂಡಿರುವ ಬೀದಿಗೆ ಅವಳು ನನ್ನನ್ನು ಎಳೆದುಕೊಂಡು ಹೋದಳು. ಪ್ರತಿ ಮನೆಯೂ ಮೂರು ಅಂತಸ್ತು, ಕೆಂಪು ಇಟ್ಟಿಗೆ, ಮುಂದೆ ಎರಡು ಅಂತಸ್ತಿನ ಎತ್ತರಕ್ಕೆ ಬಿಳಿ ಕಂಬಗಳು, ನೆತ್ತಿಯ ಮೇಲೆ ತ್ರಿಕೋನ. ಬಾಗಿಲು ತೆರೆದರೆ ಚೌಕಟ್ಟಿನ ತುಂಬ ಹುಡುಗಿಯರ ಮುಖಗಳು, ಒಬ್ಬಳ ತಲೆಯ ಮೇಲೆ ಇನ್ನೊಬ್ಬಳ ತಲೆ, ಎಲ್ಲರೂ ಒಂದೇ ತಾಳಕ್ಕೆ ಕೂಗುತ್ತಿದ್ದಾರೆ. ಹೊಸಬರನ್ನು ಆರಿಸುವ ರಷ್ ವಾರವಂತೆ. 2021ರಲ್ಲಿ ಅಲಬಾಮದ ರಷ್ ವಿಡಿಯೊಗಳು ಟಿಕ್‌ಟಾಕ್ ತುಂಬ ಹರಿದಾಡಿದ ಮೇಲೆ ಇದು ದೇಶಕ್ಕೇ ಮನರಂಜನೆಯಾಗಿದೆ.

ಕಟ್ಟಡಗಳೇ ನನ್ನ ಕೆಲಸವೆಂದು ಗೊತ್ತಿರುವವರಿಗೆ ಮುಂದೇನಾಯಿತೆಂದು ಹೇಳಬೇಕಿಲ್ಲ. ಹೋಗಿ ಒಂದು ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಟೊಳ್ಳು. ಹಿಂಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಸಂದು. ಎರಡು ಅರ್ಧಗಳನ್ನು ತಂದು ಅಂಟಿಸಿದ ಫೈಬರ್‌ಗ್ಲಾಸ್ ಕವಚ. ಬುಡದ ಹತ್ತಿರ ಬಣ್ಣ ಎದ್ದುಬಂದು ಸಂದಿನಲ್ಲಿ ಇರುವೆ ಸಾಲು. ಮದುವೆ ಮಂಟಪದ ಥರ್ಮೊಕೋಲ್ ಕಂಬವಾದರೂ ಸಂಜೆಗೆ ಲಾರಿ ಹತ್ತುತ್ತದೆ, ಇದು ನೂರು ವರ್ಷದ ಗತ್ತಿನಲ್ಲಿ ನಿಂತೇ ಇರುತ್ತದೆ. "ಅಮ್ಮಾ, ದಯವಿಟ್ಟು ಕಂಬ ಬಡಿಯಬೇಡ, ಎಲ್ಲರೂ ನೋಡುತ್ತಿದ್ದಾರೆ" ಎಂದಳು ಮಗಳು. ನೋಡಲಿ ಎಂದೇ ಬಡಿದದ್ದು.

ಈ ಸಂಘಗಳು ಹೀಗೆ ಹುಟ್ಟಿದವಲ್ಲ. 1846ರಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಕೈ ಸೈ ಸಂಘದ ಹುಡುಗರು ಕಟ್ಟಿಕೊಂಡದ್ದು ಮರದ ದಿಮ್ಮಿಗಳ ಗುಡಿಸಲು. ಅಧ್ಯಾಪಕರಿಗೆ ಈ ಗುಪ್ತಕೂಟಗಳೆಂದರೆ ಆಗುತ್ತಿರಲಿಲ್ಲ, ಹಾಗಾಗಿ ಕಾಡಿನ ಮರೆ. ಅದೇ ಊರಿನಲ್ಲಿ 1870ರ ದಶಕದ ಕೊನೆಗೆ ಡೆಲ್ಟಾ ಕಪ್ಪಾ ಎಪ್ಸಿಲಾನ್ ಎಂಬ ಇನ್ನೊಂದು ಸಂಘದವರಿಗೆ ಪುಟ್ಟ ಇಟ್ಟಿಗೆಯ ಕಟ್ಟಡವೊಂದನ್ನು ರೂಪಿಸಿಕೊಟ್ಟವನು ವಾಸ್ತುಶಿಲ್ಪಿ ವಿಲಿಯಂ ಲೆ ಬ್ಯಾರನ್ ಜೆನ್ನಿ. ಮುಂದೆ ಷಿಕಾಗೊದಲ್ಲಿ ಲೋಹದ ಚೌಕಟ್ಟಿನ ಮೇಲೆ, ಮೊದಲ ಗಗನಚುಂಬಿ ಎಂದು ಹಲವರು ಕರೆಯುವ ಹೋಂ ಇನ್ಷೂರೆನ್ಸ್ ಕಟ್ಟಡ ಎಬ್ಬಿಸಿದ ಅದೇ ಜೆನ್ನಿ! ಯೇಲ್‌ನ ಸ್ಕಲ್ ಆ್ಯಂಡ್ ಬೋನ್ಸ್ ಎಂಬ ಗುಪ್ತಕೂಟ 1856ರಲ್ಲಿ ಕಟ್ಟಿಸಿದ್ದು ಕಿಟಕಿಯೇ ಇಲ್ಲದಂತಹ ಕಂದುಗಲ್ಲಿನ ಪೆಟ್ಟಿಗೆ. ಜನ ಅದನ್ನು ಸಮಾಧಿ ಎಂದೇ ಕರೆಯುತ್ತಾರೆ. ಆ ಸಂಘ ನನಗೆ ಸೇರದು, ಕಟ್ಟಡ ಮಾತ್ರ ಇಷ್ಟ. "ಒಳಗೆ ಗುಟ್ಟಿದೆ, ನಿನಗೆ ಪ್ರವೇಶವಿಲ್ಲ" ಎಂದು ಮುಖಕ್ಕೆ ಹೇಳುತ್ತದೆ. ಈ ಬಿಳಿ ಕಂಬದ ಮನೆಯೂ ಅದನ್ನೇ ಹೇಳುತ್ತದೆ, ತೂಗುಯ್ಯಾಲೆ ಹಾಕಿ, ಹೂಕುಂಡ ಇಟ್ಟು, ಹಲ್ಲು ಕಿರಿದು.

ಇಲಿನಾಯ್‌ನಲ್ಲಿ ಎಂಎಸ್ ಮಾಡುವಾಗ ನನ್ನ ನೆಲಮಾಳಿಗೆಯ ಕೋಣೆಯ ಎದುರಿಗೇ ಒಂದು ಫ್ರೆಟರ್ನಿಟಿ, ಅಂದರೆ ಹುಡುಗರ ಸಂಘದ, ಮನೆಯಿತ್ತು. 1920ರ ದಶಕದಲ್ಲಿ ಅಲ್ಲಿ ಹುಡುಗರೂ ಹುಡುಗಿಯರೂ ಟ್ಯೂಡರ್, ಜಾರ್ಜಿಯನ್ ಎಂಬ ಹಳೆಯ ಇಂಗ್ಲಿಷ್ ಶೈಲಿಗಳಲ್ಲಿ ಪೈಪೋಟಿಗೆ ಬಿದ್ದು ಕಟ್ಟಿಸಿದ್ದಾರೆ. ಇಂಗ್ಲಿಷ್ ಜಮೀನ್ದಾರನ ವೇಷವೇ, ಒಪ್ಪುತ್ತೇನೆ. ಆದರೆ ಒಳಗೆ ಒಂದು ನಿಜವಾದ ಆಲೋಚನೆ ಇತ್ತು: ಕೋಲ್ಡ್ ಡಾರ್ಮ್. ಓದುವ ಕೋಣೆಗಳು ಚಿಕ್ಕವು, ಅಲ್ಲಿ ದೀಪ, ಗದ್ದಲ ಎಷ್ಟು ಹೊತ್ತಿಗಾದರೂ ಸರಿ. ಮಲಗಲು ಮಾತ್ರ ಮೇಲಂತಸ್ತಿನಲ್ಲಿ ಒಂದೇ ದೊಡ್ಡ ಕೋಣೆ, ಒಂದರ ಮೇಲೊಂದು ಮಂಚಗಳ ಸಾಲು, ಮಾತಾಡುವಂತಿಲ್ಲ. ತಣ್ಣನೆಯ ಶುದ್ಧ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿದ್ದ ಕಾಲದ ಏರ್ಪಾಡು. ಹಿಮ ಬೀಳುವ ಜನವರಿಯಲ್ಲೂ ಕಿಟಕಿ ತೆರೆದಿರುತ್ತಿತ್ತು. ಆ ಕಿಟಕಿಗಳನ್ನು ನೋಡುತ್ತ ನಾನು ಹೀಟರ್ ಕೆಟ್ಟ ಕೋಣೆಯಲ್ಲಿ ಅನ್ನ ಸಾರು ಉಣ್ಣುತ್ತಿದ್ದೆ. ಅಸೂಯೆ ಇತ್ತೇ? ಇತ್ತು. ಈಗಲೂ ಇದೆ. ಅಸೂಯೆ ಇದ್ದ ಮಾತ್ರಕ್ಕೆ ಕಂಬ ಗಟ್ಟಿಯಾಗುವುದಿಲ್ಲ.

"ಚಂದ ಕಂಡರೆ ನಿನಗೇಕೆ ಹೊಟ್ಟೆನೋವು? ನಿನ್ನ ಅಪ್ಪ ಓದಿದ್ದೂ ಜಾತಿಯ ಹಾಸ್ಟೆಲಿನಲ್ಲೇ ಅಲ್ಲವೇ?" ಎಂದರು ನಮ್ಮವರು, ಕಾರು ಓಡಿಸುತ್ತ. ಹೌದು, ಅಲ್ಲೇ ಓದಿದರು. ಯಾರ ಹಾಸ್ಟೆಲು ಎಂದು ಬಾಗಿಲ ಮೇಲೇ ಬರೆದಿತ್ತು, ಮುಂಗೋಡೆಗೆ ಸುಣ್ಣ ಬಳಿಸಲು ದುಡ್ಡಿರಲಿಲ್ಲ, ಹಳ್ಳಿಯ ಹುಡುಗನಿಗೆ ಎರಡು ಹೊತ್ತಿನ ಮುದ್ದೆ ಸಿಗುತ್ತಿತ್ತು. ಅದರ ತಪ್ಪುಗಳ ಬಗ್ಗೆ ಬೇರೆ ದಿನ ಬರೆಯುತ್ತೇನೆ. ಮುಂದಿನ ವಾದಕ್ಕೂ ಸಿದ್ಧಳಿದ್ದೇನೆ: ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಾಸ್ತುಶಿಲ್ಪಿಗಳಾದ ಗ್ರೀನ್ ಸಹೋದರರು 1909ರಲ್ಲಿ ಕಟ್ಟಿದ ಥಾರ್ಸೆನ್ ಮನೆ ಇಂದು ಸಿಗ್ಮಾ ಫೈ ಸಂಘದ ಹುಡುಗರದ್ದೇ ಅಲ್ಲವೇ? ಅದರ ಮರಗೆಲಸ ನೋಡಿ ನಾನೂ ಬಾಯಿಬಿಟ್ಟು ನಿಂತಿದ್ದೇನೆ. ಆದರೆ ಅದನ್ನು ಕಟ್ಟಿಸಿದವನು ಮರದ ವ್ಯಾಪಾರಿ, ತನ್ನ ಸಂಸಾರಕ್ಕೆ. ಹುಡುಗರು 1940ರ ದಶಕದಲ್ಲಿ ಕೊಂಡು ಉಳಿಸಿದರು. ಪುಣ್ಯಾತ್ಮರು. ಅದಕ್ಕೂ ಫೈಬರ್‌ಗ್ಲಾಸಿಗೂ ಏನು ಸಂಬಂಧ?

ದಕ್ಷಿಣದಲ್ಲಿ ಬಿಳಿ ಕಂಬವೆಂದರೆ ಬರಿಯ ಅಲಂಕಾರ ಎನ್ನುವವರು ಟಸ್ಕಲೂಸಾಕ್ಕೆ ಹೋಗಲಿ. ಅಲಬಾಮ ವಿಶ್ವವಿದ್ಯಾಲಯದ ಅಧ್ಯಕ್ಷರ ಭವನ 1841ರಲ್ಲಿ ಗುಲಾಮರ ದುಡಿಮೆಯಿಂದ ಎದ್ದದ್ದು. 1865ರಲ್ಲಿ, ಅಮೆರಿಕದ ಅಂತರ್ಯುದ್ಧದ ಕೊನೆಗೆ, ಉತ್ತರದ ಸೇನೆ ಕ್ಯಾಂಪಸ್ ಸುಟ್ಟಾಗ ಉಳಿದ ಕೆಲವೇ ಕಟ್ಟಡಗಳಲ್ಲಿ ಅದೂ ಒಂದು, ಕಂಬಗಳ ಸಮೇತ. ಅದೇ ಕ್ಯಾಂಪಸ್ಸಿನಲ್ಲಿ ಬಿಳಿಯರ ಸೊರೊರಿಟಿಗಳು ಕಪ್ಪು ವಿದ್ಯಾರ್ಥಿನಿಯರನ್ನು ಹೇಗೆ ಹೊರಗಿಡುತ್ತಿವೆ ಎಂದು ವಿದ್ಯಾರ್ಥಿಗಳ ಪತ್ರಿಕೆ 'ಕ್ರಿಮ್ಸನ್ ವೈಟ್' ಬಯಲು ಮಾಡಿದ್ದು 2013ರಲ್ಲಿ. 1913 ಎಂದು ಓದಿಕೊಳ್ಳಬೇಡಿ.

1906ರ ಡಿಸೆಂಬರ್‌ನ ಒಂದೇ ವಾರ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ನಡೆದ ಎರಡು ಸಂಗತಿಗಳು ನನ್ನ ತಲೆಯಿಂದ ಹೋಗುವುದೇ ಇಲ್ಲ. 4ನೇ ತಾರೀಕು ಕಾರ್ನೆಲ್‌ನ ಏಳು ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ತಮ್ಮ ಸಂಘ ಕಟ್ಟಿದರು. 7ರಂದು ಅದೇ ಊರಿನ ಗುಡ್ಡದ ಮೇಲಿನ ಕೈ ಸೈ ಬಂಗಲೆ ಹೊತ್ತಿ ಉರಿಯಿತು. ಸತ್ತವರು ನಾಲ್ವರು ವಿದ್ಯಾರ್ಥಿಗಳು, ಬೆಂಕಿ ಆರಿಸಲು ಹೋದ ಮೂವರು. ಆ ಊರಿನ ಅತಿ ವೈಭವದ ಮನೆಗಳಲ್ಲೊಂದು ಅದು. ಇಂದಿಗೂ ಬಹಳ ಕ್ಯಾಂಪಸ್‌ಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘಗಳಿಗೆ ಮನೆಯಿಲ್ಲ. ಅವರ 'ಪ್ಲಾಟ್' ಎಂದರೆ ಬಯಲಲ್ಲಿ ಬಣ್ಣ ಬಳಿದ ಒಂದು ಬೆಂಚು, ಒಂದು ಮರ, ಒಂದು ಕಲ್ಲುಫಲಕ. ನಮ್ಮ ಕಡೆಯ ಮಕ್ಕಳು 1998ರಲ್ಲಿ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಎಂದು ತಮ್ಮವೇ ಸಂಘ ಕಟ್ಟಿಕೊಂಡರು. ಅವರಿಗಾದರೂ ಕಂಬದ ಹುಚ್ಚು ಹಿಡಿಯದಿರಲಿ.

ಬೆಂಕಿಯ ಮಾತು ಬಂತು, ಹೇಳಿಯೇಬಿಡುತ್ತೇನೆ. 1996ರ ಮೇ ತಿಂಗಳು, ಚಾಪೆಲ್ ಹಿಲ್‌ನ ಫೈ ಗಾಮಾ ಡೆಲ್ಟಾ ಮನೆ, ಪದವಿ ಪ್ರದಾನದ ದಿನದ ಮುಂಜಾನೆ, ಐವರು ಸತ್ತರು. ಬೆಂಕಿ ಬಿದ್ದರೆ ಚಾವಣಿಯಿಂದ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಆ ಊರು ಅಂತಹ ಮನೆಗಳಿಗೆಲ್ಲ ಸ್ಪ್ರಿಂಕ್ಲರ್ ಕಡ್ಡಾಯ ಮಾಡಿದ್ದು ಆಮೇಲೆ. ಹಳೆಯ ವಿದ್ಯಾರ್ಥಿಗಳು ಚೆಕ್ ಬರೆಯುವುದು ಮುಂಭಾಗ ನೋಡಿ. ಚಾವಣಿಯ ಕೊಳವೆಯ ಪಕ್ಕ ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

ಇಷ್ಟೆಲ್ಲ ಉಪನ್ಯಾಸ ಕೇಳಿಯೂ ಮಗಳು ರಷ್‌ಗೆ ಹೆಸರು ಕೊಟ್ಟಿದ್ದಾಳೆ. ನನ್ನದೇ ರಕ್ತ, ಹಟ ಬೇರೆ ಎಲ್ಲಿಂದ ಬರಬೇಕು. ಒಳಗೆ ಹೋದಾಗ, ಬೆಂಕಿ ಬಿದ್ದರೆ ಇಳಿದು ಓಡಲು ಎರಡನೇ ಮೆಟ್ಟಿಲಸಾಲು ಎಲ್ಲಿದೆ ನೋಡಿಕೊಂಡು ಬಾ ಎಂದಿದ್ದೆ. ಇಂದು ಬೆಳಿಗ್ಗೆ ತೂಗುದೀಪದ ಫೋಟೋ ಕಳುಹಿಸಿದ್ದಾಳೆ, ಮೂರು ಹೃದಯಗಳೊಂದಿಗೆ. ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಸ್ಪ್ರಿಂಕ್ಲರ್ ಇದೆ. ಮೆಟ್ಟಿಲಿನ ಪ್ರಶ್ನೆಯನ್ನು ಮತ್ತೆ ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ.