ಹೊರಗೆ ತೆಗೆದರು ಸರಿ, ಆ ಕಾಲಿನ ಗತಿ?

2023ರ ಟರ್ಕಿ ಭೂಕಂಪದ ಒಂದು ರಕ್ಷಣಾ ವಿಡಿಯೋ ಇವತ್ತು ಮತ್ತೆ ನನ್ನ ಕಣ್ಣಿಗೆ ಬಿತ್ತು. ಕಾಂಕ್ರೀಟ್ ಕೆಳಗಿಂದ ಒಬ್ಬರನ್ನು ಎಳೆದು ತರುತ್ತಾರೆ, ಸುತ್ತ ಚಪ್ಪಾಳೆ. ಕೆಳಗೆ ಕಾಮೆಂಟುಗಳು: "ಪವಾಡ", "ಇನ್ನೇನು ಭಯವಿಲ್ಲ". ನನ್ನ ಕಣ್ಣೂ ತುಂಬಿತು. ಆದರೆ ನರಕ್ಕೆ ಪೆಟ್ಟಾದವರ ಕೈಕಾಲು ನೋಡಿಕೊಳ್ಳುವುದೇ ನನ್ನ ಕೆಲಸ ಅಲ್ವಾ, ನಾನು ನೋಡಿದ್ದು ಸ್ಟ್ರೆಚರ್ ಮೇಲೆ ಜೋತುಬಿದ್ದಿದ್ದ ಪಾದವನ್ನು. ಆಮೇಲೆ ಬಂದಿದ್ದು ಬರೀ ಸಿಟ್ಟು.

ಭಯ ಇದೆ ಮಾರಾಯ್ರೇ! ಗಂಟೆಗಟ್ಟಲೆ ಭಾರದಡಿ ಸಿಕ್ಕಿಕೊಂಡ ಕಾಲಿನಲ್ಲಿ ಸ್ನಾಯು ಸಾಯುತ್ತದೆ, ಅದರಿಂದ ರಕ್ತಕ್ಕೆ ಸೋರಿದ್ದು ಕಿಡ್ನಿಯನ್ನೂ ಕೆಡಿಸಬಹುದು, ಊತ ಏರುತ್ತದೆ, ರಕ್ತ ಹರಿಯದೆ ನರ ಒಣಗುತ್ತದೆ. ನರ ಬರೀ ಒತ್ತಿಹೋಗಿದ್ದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಒಳಗಿನ ಎಳೆಗಳೇ ಹೋಗಿದ್ದರೆ ಮತ್ತೆ ಬೆಳೆಯಬೇಕು, ಅದೂ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದ ಹತ್ತಿರ ಪೆಟ್ಟಾಗಿದ್ದರೆ ಪಾದಕ್ಕೆ ಮುಟ್ಟಲು ಎರಡು ವರ್ಷವೂ ಬೇಕಾಗಬಹುದು. ಸ್ನಾಯು ಅಷ್ಟು ದಿನ ಕಾಯುವುದಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳು ನರದ ಸಂಪರ್ಕ ಇಲ್ಲದಿದ್ದರೆ, ಆಮೇಲೆ ನರ ಬಂದರೂ ಆ ಸ್ನಾಯು ಕೆಲಸಕ್ಕೆ ಬರುವುದು ಕಷ್ಟ.

ಅಲ್ಲಿವರೆಗೆ ಕ್ಯಾಮೆರಾ ಎಲ್ಲಿರುತ್ತದೆ? ಆ ಭೂಕಂಪದಲ್ಲಿ ಟರ್ಕಿಯೊಂದರಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ಗಾಯಗೊಂಡರು. ಹೊರಗೆ ತೆಗೆದ ದಿನ ಮಾತ್ರ ಸುದ್ದಿ.

"ಮೊದಲು ಜೀವ, ಆಮೇಲೆ ಕಿಡ್ನಿ, ಫಿಸಿಯೋಥೆರಪಿ ನಿಧಾನಕ್ಕೆ ನೋಡಿದರಾಯ್ತು" ಅನ್ನುವವರಿದ್ದಾರೆ. ಜೀವ ಮೊದಲು, ಸರಿ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಡಯಾಲಿಸಿಸ್ ನಡೆಯುತ್ತಿರುವಾಗಲೇ ಪಾದಕ್ಕೊಂದು ಸ್ಪ್ಲಿಂಟ್ (ಪಾದ ಜೋತುಬೀಳದಂತೆ ಹಿಡಿದಿಡುವ ಆಸರೆ) ಕಟ್ಟಲು, ಗಾಯ ನೋಡಿಕೊಂಡು ದಿನಕ್ಕೆ ನಾಲ್ಕು ಸಲ ಕೀಲನ್ನು ಮೆಲ್ಲಗೆ ಆಡಿಸಲು ಏನು ಅಡ್ಡಿ? ರೋಗಿ ವಾರಗಟ್ಟಲೆ ಮಲಗಿರುವ ಆ ಹೊತ್ತಲ್ಲೇ ಪಾದ ಕೆಳಮುಖವಾಗಿ ಬಿಗಿದುಕೊಳ್ಳುವುದು. ಒಮ್ಮೆ ಬಿಗಿದರೆ ನರ ವಾಪಸ್ ಬಂದರೂ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ನರ ಬಾರದವರಿಗೂ ಒಂದು ದಾರಿ ಇದೆ, ಕೆಲಸ ಮಾಡುವ ಬೇರೆ ಸ್ನಾಯುವಿನ ತುದಿಯನ್ನು ತಂದು ಜೋಡಿಸಿ ಪಾದ ಎತ್ತುವ ಹಾಗೆ ಮಾಡುವ ಶಸ್ತ್ರಚಿಕಿತ್ಸೆ. ಅದಕ್ಕೂ ಕೀಲು ಸಡಿಲವಾಗಿರಲೇಬೇಕು. ಅಂದರೆ "ನಿಧಾನಕ್ಕೆ" ಅನ್ನುವ ಮಾತು ಎರಡೂ ಬಾಗಿಲು ಮುಚ್ಚುತ್ತದೆ.

ಕಿಡ್ನಿ ವೈದ್ಯರನ್ನು ನೋಡಿ. 1988ರ ಅರ್ಮೇನಿಯಾ ಭೂಕಂಪದಲ್ಲಿ ಎಷ್ಟೋ ಜನರ ಕಿಡ್ನಿ ಕೈಕೊಟ್ಟಿದ್ದು ಕಂಡು ಅವರು ವಿಪತ್ತಿಗೆಂದೇ ಅಂತಾರಾಷ್ಟ್ರೀಯ ತಂಡ ಕಟ್ಟಿದರು, 1999ರಲ್ಲಿ ಟರ್ಕಿಗೆ ಸಿದ್ಧರಾಗಿ ಹೋದರು. ನರದ ವಿಷಯಕ್ಕೆ ಆ ಅವಸರ ಯಾಕಿಲ್ಲ? ನರದ ಗಾಯದಿಂದ ಜನ ಸಾಯುವುದಿಲ್ಲ, ಅದಕ್ಕಾ?

ನೋವಿನ ಬಗ್ಗೆ ಹೇಳದೆ ಇರಲಾರೆ. ಮುಟ್ಟಿದರೆ ಗೊತ್ತಾಗದ ಅದೇ ಕಾಲು ರಾತ್ರಿ ಬೆಂಕಿ ಹಚ್ಚಿದಂತೆ ಉರಿಯುತ್ತದೆ. ಮಾಮೂಲಿ ನೋವಿನ ಮಾತ್ರೆ ಅದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ತರಹದ್ದು ಬೇಕು. ಇದನ್ನು "ಮನಸ್ಸಿನ ಭ್ರಮೆ" ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸ್ಪರ್ಶ ಇಲ್ಲದ ಅಂಗಾಲಿಗೆ ಕಲ್ಲು ಚುಚ್ಚಿದರೂ ತಿಳಿಯುವುದಿಲ್ಲ, ಹುಣ್ಣಾಗಿ ಕೀವು ತುಂಬಿದ ಮೇಲೆ ಗೊತ್ತಾಗುತ್ತದೆ.

ಭೂಕಂಪದ ನಂತರ ಜನ ಒಂದೇ ಕಡೆ ಇರುವುದಿಲ್ಲ. ಆಸ್ಪತ್ರೆಯಿಂದ ಡೇರೆಗೆ, ಡೇರೆಯಿಂದ ಇನ್ಯಾವುದೋ ಊರಿನ ನೆಂಟರ ಮನೆಗೆ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ನರ, ಎಲ್ಲಿ ಪೆಟ್ಟು, ಸ್ಪ್ಲಿಂಟ್ ಎಷ್ಟು ಹೊತ್ತು ಹಾಕಬೇಕು, ನರದ ಪರೀಕ್ಷೆ ಮತ್ತೆ ಯಾವಾಗ ಅಂತ ನಾಲ್ಕು ಸಾಲು ಬರೆದುಕೊಡಿ. ಮುಂದಿನ ಊರಲ್ಲಿ ಸಿಗುವ ಫಿಸಿಯೋಥೆರಪಿಸ್ಟ್ ಅಲ್ಲಿಂದಲೇ ಮುಂದುವರಿಸುತ್ತಾರೆ.