ಶೌರ್ಯಕ್ಕೊಂದು ವಾಸಸ್ಥಳ ದೃಢೀಕರಣ ಪತ್ರ

ಪರಮವೀರ ಚಕ್ರ ಚಿನ್ನದ್ದಲ್ಲ, ಕಂಚಿನದು. ವ್ಯಾಸ ಸುಮಾರು ಮೂರೂವರೆ ಸೆಂಟಿಮೀಟರ್. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧ. ಹಿಂಬದಿಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಹೆಸರು, ಎರಡು ತಾವರೆ. ಪಟ್ಟಿ ನೇರಳೆ, 32 ಮಿಲಿಮೀಟರ್ ಅಗಲ. ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಪುಣ್ಯಕ್ಕೆ ಆಗ ಯಾರೂ ಅವರ ವಾಸಸ್ಥಳ ಕೇಳಲಿಲ್ಲ. ಯಾವ ರಾಜ್ಯದ ಸೈನಿಕನಾದರೂ ಈ ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಶುರುವಾಗುವುದು ಪದಕ ಎದೆಗೇರಿದ ಮೇಲೆ, ಗುಮಾಸ್ತರು ಕಡತ ಬಿಚ್ಚಿ 'ಯಾವ ಊರು?' ಅಂದಾಗ.

ಕೇಂದ್ರದ ಭತ್ಯೆ ಎಲ್ಲರಿಗೂ ಒಂದೇ, 2017ರಿಂದ ತಿಂಗಳಿಗೆ 20,000 ರೂಪಾಯಿ. ಇಡಿಗಂಟು ಕೊಡುವುದು ರಾಜ್ಯಗಳು, ಅವುಗಳ ದರಪಟ್ಟಿಯೇ ಬೇರೆ. ಹರಿಯಾಣದಲ್ಲಿ ಎರಡು ಕೋಟಿ. ಗುಜರಾತಿನಲ್ಲಿ ಮೊನ್ನೆ ಮೊನ್ನೆಯವರೆಗೂ 22,500 ರೂಪಾಯಿ, ಸೊನ್ನೆ ಬಿಟ್ಟುಹೋದದ್ದಲ್ಲ. ಲೆಕ್ಕ ಹಾಕಿದರೆ ಒಬ್ಬ ಹರಿಯಾಣದ ವೀರನಿಗೆ ಸರಿಗಟ್ಟಲು ಗುಜರಾತಿನಿಂದ 889 ಪರಮವೀರರು ಬೇಕಿತ್ತು. 1947ರಿಂದ ಈವರೆಗೆ ಇಡೀ ದೇಶಕ್ಕೆ ಸಿಕ್ಕವರು 21 ಮಂದಿ, ಅವರಲ್ಲಿ 14 ಮಂದಿಗೆ ಮರಣೋತ್ತರ. ಆಮೇಲೆ ಗುಜರಾತ್ ಒಂದು ಕೋಟಿಗೆ ಏರಿತು, ಕರ್ನಾಟಕ 25 ಲಕ್ಷದಿಂದ ಒಂದೂವರೆ ಕೋಟಿಗೆ ಜಿಗಿಯಿತು. ಸೈನ್ಯ ಸೇರುವ ಹುಡುಗರು ಎದೆಯಳತೆ, ಓಟದ ಜೊತೆಗೆ ಇದನ್ನೂ ವರ್ಷಕ್ಕೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಶಾಸ್ತ್ರದ ಮೂಲಪಾಠ ಬಾನಾ ಸಿಂಗ್ ಅವರ ಪಿಂಚಣಿ. 1987ರ ಜೂನ್ 26ರಂದು ಸಿಯಾಚಿನ್‌ನಲ್ಲಿ 457 ಮೀಟರ್ ಹಿಮಗೋಡೆ ಹತ್ತಿ, ಸುಮಾರು 21,000 ಅಡಿ ಎತ್ತರದ ಪಾಕಿಸ್ತಾನಿ ಠಾಣ್ಯ ಹಿಡಿದವರು. ಅಲ್ಲಿಗೆ ಅವರದೇ ಹೆಸರಿಟ್ಟರು: ಬಾನಾ ಟಾಪ್. ಜಮ್ಮು-ಕಾಶ್ಮೀರ ಸರ್ಕಾರ ಅವರಿಗೆ ಕೊಡುತ್ತಿದ್ದ ಮಾಸಿಕ ಪಿಂಚಣಿ 166 ರೂಪಾಯಿ. 21,000 ಅಡಿಯನ್ನು ಇದರಿಂದ ಭಾಗಿಸಿ: ರೂಪಾಯಿಗೆ ಸುಮಾರು 127 ಅಡಿ. ಮನೆ ಕಟ್ಟುವ ಗಾರೆಯಾಳೂ ಈ ರೇಟಿಗೆ ಏಣಿ ಹತ್ತುವುದಿಲ್ಲ. ಪಕ್ಕದ ಪಂಜಾಬ್, 'ನಮ್ಮಲ್ಲಿಗೆ ಬಂದುಬಿಡಿ, ಹಣ, ನಿವೇಶನ, ತಿಂಗಳ ಭತ್ಯೆ ಎಲ್ಲ ಕೊಡ್ತೀವಿ' ಎಂದು ಕರೆಯಿತು. ಶೌರ್ಯ ಮೆರೆದದ್ದು ಹಳೆಯದಾದರೂ ಪರವಾಗಿಲ್ಲ, ವಿಳಾಸ ಮಾತ್ರ ಹೊಸದಿರಬೇಕು! ಅವರು ಊರು ಬಿಡಲಿಲ್ಲ. 2006ರಲ್ಲಿ, ಅಂದರೆ 19 ವರ್ಷಗಳ ನಂತರ, ಅವರದೇ ರಾಜ್ಯಕ್ಕೆ ಎಚ್ಚರವಾಗಿ 10 ಲಕ್ಷ ಘೋಷಿಸಿತು.

ನಮ್ಮ ಕಾರವಾರದ ಚೆಂಡಿಯಾದ ಪರಮವೀರ ರಾಮ ರಾಘೋಬ ರಾಣೆ ಅವರನ್ನು ಈ ದರಪಟ್ಟಿಯ ಮುಂದೆ ನಿಲ್ಲಿಸಿ ನೋಡಿ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಾಜೌರಿ ರಸ್ತೆಯ ನೆಲಬಾಂಬು, ಅಡ್ಡಗಟ್ಟೆ ತೆಗೆಯುತ್ತ ನಾಲ್ಕು ದಿನ ಟ್ಯಾಂಕುಗಳಿಗೆ ದಾರಿ ಮಾಡಿದವರು. ಒಂದು ಹಂತದಲ್ಲಿ ಟ್ಯಾಂಕಿನಡಿಯೇ ತೆವಳುತ್ತ, ಎರಡು ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಿದ್ದರು. ಆಗ ಕಾರವಾರ ಇದ್ದದ್ದು ಬಾಂಬೆ ಪ್ರಾಂತ್ಯದಲ್ಲಿ. ಮೈಸೂರಿಗೆ ಬಂದದ್ದು 1956ರಲ್ಲಿ. ಅವರು ತೀರಿಕೊಂಡದ್ದು ಪುಣೆಯಲ್ಲಿ. ಈಗಿನ ಕಡತದಲ್ಲಾದರೆ ಒಂದು ಹಗ್ಗ ಬೆಂಗಳೂರಿನ ಕೈಯಲ್ಲಿ, ಇನ್ನೊಂದು ಮುಂಬೈಯ ಕೈಯಲ್ಲಿ. ಹೆಮ್ಮೆ ಪಡುವಾಗ ಇಬ್ಬರೂ ಎಳೆಯುತ್ತಾರೆ, ಚೆಕ್ ಬರೆಯುವಾಗ ಇಬ್ಬರೂ ಬಿಡುತ್ತಾರೆ.

ಬದುಕಿರುವುದಕ್ಕೂ ದಾಖಲೆ ಬೇಕು. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಹತ್ತಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ 1999ರಲ್ಲಿ ಪದಕ ಘೋಷಣೆಯಾದದ್ದು 'ಮರಣೋತ್ತರ' ಎಂಬ ಷರಾ ಸಮೇತ. ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಹುತಾತ್ಮರಾದವರು ಅದೇ ಹೆಸರಿನ ಇನ್ನೊಬ್ಬ ಸೈನಿಕ. ಹಲವು ಗುಂಡೇಟು ತಿಂದೂ ಉಳಿದ ದೇಹವನ್ನು ಒಂದು ಹೆಸರಿನ ಗೊಂದಲ ಮುಗಿಸಿಬಿಟ್ಟಿತ್ತು.

ಇನ್ನು ಹೆದ್ದಾರಿ. ಟೋಲ್ ವಿನಾಯಿತಿಯ ಬೋರ್ಡ್ ಓದುತ್ತ ಹೋಗಿ: ರಾಷ್ಟ್ರಪತಿಯಿಂದ ಸಂಸದರು, ಶಾಸಕರವರೆಗೆ ಬಂದು, ಆಂಬುಲೆನ್ಸ್, ಶವವಾಹನ ಎಲ್ಲ ಇವೆ, ಪರಮವೀರ ಚಕ್ರದವರೂ ಇದ್ದಾರೆ. ಜೀವಂತ ಇರುವವರು ಮೂರೇ ಮಂದಿ, ಬೋರ್ಡು ಮಾತ್ರ ಪ್ರತಿ ಟೋಲಿನಲ್ಲೂ. ಜೊತೆಗೊಂದು ಷರತ್ತು: ಪದಕ ತೋರಿಸಿದರೆ ಸಾಲದು, ಸಕ್ಷಮ ಪ್ರಾಧಿಕಾರ ದೃಢೀಕರಿಸಿದ ಫೋಟೊ ಇರುವ ಗುರುತಿನ ಚೀಟಿಯೇ ಬೇಕು. ಆದ್ದರಿಂದ ಬಾನಾ ಸಿಂಗ್ ಅವರು ಎಂದಾದರೂ ನಮ್ಮ ಕಡೆ ಬಂದರೆ ಕಾರ್ಡು ಮರೆಯದೆ ತರಲಿ. 457 ಮೀಟರ್ ಹಿಮಗೋಡೆಗೆ ಹಗ್ಗ ಸಾಕಿತ್ತು. ಇಲ್ಲಿಯದು ಮೂರು ಮೀಟರ್ ಅಡ್ಡಗಂಬ, ಬೂತಿನ ಹುಡುಗ ಕಿಟಕಿಯಿಂದ ಬಗ್ಗಿ ಕೇಳುತ್ತಾನೆ: 'ಜೆರಾಕ್ಸ್ ಬೇಡ ಸರ್, ಒರಿಜಿನಲ್ ಇದೆಯಾ?'