ಕಡಲಿಲ್ಲದ ಬೊಲಿವಿಯಾಕ್ಕೆ ಅಡ್ಮಿರಲ್‌ಗಳೇಕೆ?

‘ಬೊಲಿವಿಯಾಕ್ಕೆ ಸಮುದ್ರವಿಲ್ಲ, ಹಡಗಿಲ್ಲ, ಆದರೂ ಅಡ್ಮಿರಲ್‌ಗಳಿದ್ದಾರೆ, ಹುದ್ದೆಯೆಲ್ಲ ಬರೀ ತೋರಿಕೆಗೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಸಮುದ್ರವಿಲ್ಲ ಎಂಬುದು, ಅಡ್ಮಿರಲ್‌ಗಳಿದ್ದಾರೆ ಎಂಬುದು ನಿಜ. ಉಳಿದದ್ದು ತಪ್ಪು.

1879ರಲ್ಲಿ ಶುರುವಾದ ಯುದ್ಧದಲ್ಲಿ ಬೊಲಿವಿಯಾದ ಕರಾವಳಿ ಚಿಲಿಯ ಪಾಲಾಯಿತು. 1904ರ ಒಪ್ಪಂದ ಅದನ್ನೇ ಖಾಯಂ ಮಾಡಿತು. 1963ರಲ್ಲಿ ಆ ದೇಶ ನದಿ-ಸರೋವರಗಳಿಗೆಂದೇ ಪಡೆ ಕಟ್ಟಿತು, ಅದೇ ಇಂದಿನ ನೌಕಾಪಡೆ. ಸುಮಾರು 3,800 ಮೀಟರ್ ಎತ್ತರದ ಟಿಟಿಕಾಕಾ ಸರೋವರದಲ್ಲಿ, ಮಾಮೊರೆಯಂಥ ನದಿಗಳಲ್ಲಿ ಅದರ ದೋಣಿಗಳು ಗಸ್ತು ತಿರುಗುತ್ತವೆ. ಕಳ್ಳಸಾಗಣೆ ತಡೆಯುವುದು, ನೆರೆ ಬಂದಾಗ ಜನರನ್ನು ದಡ ಸೇರಿಸುವುದು ತೋರಿಕೆಯ ಕೆಲಸವೇನಲ್ಲ.

ಇಂಥ ಸಂದೇಶಗಳು ಎಡವುವ ಇನ್ನೊಂದು ಜಾಗ ‘ಕ್ಯಾಪ್ಟನ್’ ಎಂಬ ಹುದ್ದೆ. ಅಲ್ಲಿನ ನೌಕಾಪಡೆಯ ‘ಕಪಿತಾನ್ ದೆ ನಾವಿಯೊ’ ಭೂಸೇನೆಯ ಕರ್ನಲ್‌ಗೆ ಸಮ, ಭೂಸೇನೆಯ ಕ್ಯಾಪ್ಟನ್‌ಗಲ್ಲ. ನಮ್ಮ ನೌಕಾಪಡೆಯಲ್ಲೂ ಹಾಗೇ. ಆದ್ದರಿಂದ ಹುದ್ದೆ ನೋಡುವ ಮೊದಲು ಯಾವ ಪಡೆ ಎಂದು ನೋಡಿ.

ಪರಿಶೀಲಿಸುವುದು ಕಷ್ಟವಲ್ಲ. ಇಂಥ ಸಂದೇಶದ ಜೊತೆ ಫೋಟೊ ಬಂದರೆ ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಎಲ್ಲಿ ಪ್ರಕಟವಾಗಿತ್ತು ಎಂದು ಹುಡುಕಿ. ಆ ನೌಕಾಪಡೆಯ ‘ಅರ್ಮಾದಾ ಬೊಲಿವಿಯಾನಾ’ ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಹುಡುಕಿದರೆ ಅಧಿಕೃತ ಚಿತ್ರಗಳೇ ಸಿಗುತ್ತವೆ. ಹುದ್ದೆ ತೋರಿಸುವ ಭುಜಪಟ್ಟಿಯನ್ನು ಅವುಗಳೊಂದಿಗೆ ಹೋಲಿಸಿ. ಮಸುಕಾದ ಫೋಟೊದಲ್ಲಿ ನಕ್ಷತ್ರ ಎಣಿಸಲು ಹೋಗಬೇಡಿ. ಆ ನೌಕಾಪಡೆಯ ಧ್ವಜ ಕಂಡರೆ ಇನ್ನೂ ಸುಲಭ: ನೀಲಿ ಬಟ್ಟೆ, ಮೂಲೆಯಲ್ಲಿ ರಾಷ್ಟ್ರಧ್ವಜ, ಒಂಬತ್ತು ಸಣ್ಣ ನಕ್ಷತ್ರ, ಜೊತೆಗೊಂದು ದೊಡ್ಡದು.